ಕಣ್ಣಿನ ರಕ್ತದ ಮೇಲೆ ಹೊರಿಸಿದ ಅಪವಾದ

ಸೊರಬದ ಒಂದು ಕಲ್ಯಾಣಮಂಟಪದಲ್ಲಿ ಉಚಿತ ಕಣ್ಣಿನ ಶಿಬಿರ ನಡೆದಿತ್ತು. ನಾನು ಒಳಗೆ ಹೋಗಿದ್ದು ಕಣ್ಣು ತೋರಿಸುವುದಕ್ಕಲ್ಲ. ಬೆಳಗ್ಗೆ ಅದೇ ಊರಿನ ಅಕ್ಕಿ ಗಿರಣಿಯೊಂದರಲ್ಲಿ ತಕ್ಕಡಿ ರಿಪೇರಿ ಮುಗಿಸಿದ್ದೆ, ಶಿರಾಳಕೊಪ್ಪದ ಬಸ್ಸಿಗೆ ಇನ್ನೂ ಹೊತ್ತಿತ್ತು. ಪುಕ್ಕಟೆ ಕೊಡುವವರು ಕೊಟ್ಟದ್ದನ್ನು ಯಾವ ದಾರಿಯಿಂದ ವಾಪಸು ತೆಗೆದುಕೊಳ್ಳುತ್ತಾರೆ ಎಂದು ನೋಡಿಕೊಂಡು ಬರೋಣ ಅಂತ ಸಾಲಿನಲ್ಲಿ ನಿಂತೆ. ಹೆಸರು ಬರೆದುಕೊಂಡರು. ಆಧಾರ್ ಕಾರ್ಡ್ ಕೇಳಲಿಲ್ಲ, ಅದೇ ಒಂದು ಅನುಮಾನ. ಕೇಳಿದ್ದರೆ ಇನ್ನೊಂದು ಅನುಮಾನ ಬರುತ್ತಿತ್ತು.

ಒಳಗೆ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಎಡಗಣ್ಣು ನೋಡಿದರು, ಬಲಗಣ್ಣು ನೋಡಿದರು, ಮತ್ತೆ ಬಲಗಣ್ಣಿಗೇ ಬಂದರು. ಎರಡನೇ ಸಲ ನೋಡುತ್ತಾರೆ ಅಂದರೆ ಏನೋ ಕಂಡಿದೆ ಎಂದೇ ಅರ್ಥ, ತಕ್ಕಡಿಯ ಮುಂದೆ ನಾನೂ ಹಾಗೇ ಮಾಡುತ್ತೇನೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಪದ ಬರೆದು ಕೊಟ್ಟರು.

"ಏನಂತ ಬರ್ದೀರಿ ಸಾರ್?"

"ಗ್ಲೊಕೋಮಾ ಸಸ್ಪೆಕ್ಟ್ ಅಂತ. ಅಂದ್ರೆ ಅನುಮಾನ ಇದೆ ಅಂತ ಯಜಮಾನ್ರೇ. ಕಣ್ಣಿಂದ ಮೆದುಳಿಗೆ ಹೋಗೋ ನರ ಸವೀತಿರೋ ಹಾಗೆ ಕಾಣ್ತಿದೆ. ದೊಡ್ಡ ಡಾಕ್ಟರಿಗೆ ತೋರಿಸಿ, ತಡ ಮಾಡ್ಬೇಡಿ."

"ನಂಗೆ ಚೆನ್ನಾಗೇ ಕಾಣ್ತೈತಲ್ರೀ?"

"ಈ ಕಾಯಿಲೆ ಇರೋರು ಎಲ್ರೂ ಮೊದ್ಲು ಹಂಗೇ ಹೇಳೋದು."

ಆ ಮಾತಿಗೆ ನನಗೆ ಸಿಟ್ಟು ಬಂತು. ಐವತ್ತೆಂಟು ವರ್ಷ ಊರಿನವರನ್ನೆಲ್ಲ ಅನುಮಾನದಿಂದ ನೋಡಿದ ನನ್ನ ಹೆಸರಿನ ಮುಂದೆಯೇ ಯಾರೋ ಒಬ್ಬರು ಅನುಮಾನ ಎಂದು ಬರೆದುಕೊಟ್ಟಿದ್ದರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹತ್ತುವಾಗ ಮೆಟ್ಟಿಲು ತಪ್ಪಿ ಮೊಣಕಾಲು ತರಚಿತು. ಬಸ್ಸಿನ ಮೆಟ್ಟಿಲು ಎತ್ತರ ಮಾಡಿದ್ದಾರೆ ಎಂದು ಕಂಡಕ್ಟರಿಗೆ ಬೈದೆ.

ನಾನು ಶಿರಾಳಕೊಪ್ಪದ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವವನು, ಹೆಸರು ಬಸವಣ್ಯಪ್ಪ. ಅಪ್ಪನ ಕಾಲದಲ್ಲಿ ಕಬ್ಬಿಣದ ತಕ್ಕಡಿ, ತೂಕದ ಬಟ್ಟು. ಈಗ ಹೆಚ್ಚಿನವು ಎಲೆಕ್ಟ್ರಾನಿಕ್. ತೊಗರ್ಸಿಯಿಂದ ಹಿಡಿದು ಕುಬಟೂರಿನವರೆಗೆ ನಾನು ಬಿಚ್ಚಿ ನೋಡದ ತಕ್ಕಡಿ ಕಡಿಮೆ. ವ್ಯಾಪಾರದ ತಕ್ಕಡಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಹಾಕಿಸಬೇಕು. ಮುದ್ರೆಯ ದಿನ ಹತ್ತಿರ ಬಂದಾಗ ಕೆಲವರು ಓಡಿಬಂದು ತಕ್ಕಡಿ ಸರಿ ಮಾಡಿಸಿಕೊಂಡು ಹೋಗುತ್ತಾರೆ. ಅಧಿಕಾರಿ ಬಂದು ನೋಡುವ ದಿನ ಆ ತಕ್ಕಡಿಯಷ್ಟು ಪ್ರಾಮಾಣಿಕ ವಸ್ತು ಇನ್ನೊಂದಿರುವುದಿಲ್ಲ. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ತಟ್ಟೆಯ ಅಡಿಗೆ ಏನಾದರೊಂದು ಅಂಟಿಕೊಂಡಿರುತ್ತದೆ. ಎಲ್ಲರೂ ಹಾಗಲ್ಲ, ಆದರೆ ಯಾರು ಹಾಗೆ ಯಾರು ಹಾಗಲ್ಲ ಎಂದು ಮುಖ ನೋಡಿ ಹೇಳಲಿಕ್ಕಾಗುವುದಿಲ್ಲ. ಮೂವತ್ತು ವರ್ಷ ಇದನ್ನೇ ನೋಡಿದ ಮೇಲೆ ಯಾರ ಮಾತನ್ನೂ ಹೇಳಿದ ಹಾಗೇ ನಂಬುವ ಅಭ್ಯಾಸ ನನಗೆ ಉಳಿಯಲಿಲ್ಲ. ನನ್ನ ಹೆಂಡತಿ ಗಿರಿಜಾ ನೆಂಟರ ಮುಂದೆ ನಗೆಯಾಡುತ್ತಾಳೆ: "ನಮ್ಮನೆಯೋರು ಪ್ರಸಾದಾನೂ ಮೂಸಿ ನೋಡೇ ಬಾಯಿಗೆ ಹಾಕ್ಕೊಳೋದು."

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಶಿಕಾರಿಪುರದ ಕಣ್ಣಿನ ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂರುವವರ ಮುಖದಲ್ಲಿ ಒಂದು ಬಗೆಯ ಕಳ್ಳತನವನ್ನು ನಾನು ಗುರುತಿಸುತ್ತೇನೆ. ಔಷಧಿ ದಿನಾ ಹಾಕ್ತೀರಾ ಎಂದು ನರ್ಸಮ್ಮ ಕೇಳಿದಾಗ "ಹಾಕ್ತೀನ್ರಿ" ಎನ್ನುವ ಆ ದನಿ ನನ್ನದೇ. ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ.

ಶಿಬಿರದ ಚೀಟಿ ಒಂದು ಅಂಗಿಯ ಜೇಬಿನಿಂದ ಇನ್ನೊಂದಕ್ಕೆ ದಾಟುತ್ತಾ ಎರಡು ತಿಂಗಳು ನನ್ನಲ್ಲೇ ಇತ್ತು. ತೆಗೆಯಲು ಮರೆತ ಒಂದು ದಿನ ಅಂಗಿ ಒಗೆಯುವಾಗ ಗಿರಿಜಾಗೆ ಸಿಕ್ಕಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಚೀಟಿಯನ್ನು ಒಣಗಿಸಿ, ಇಸ್ತ್ರಿ ಮಾಡಿ, ಮಾರನೇ ದಿನ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಳು. "ನಡ್ರಿ ಶಿಕಾರಿಪುರಕ್ಕೆ," ಅಂದಳು. ಹಾಗೆ ನಾನು ಡಾಕ್ಟರಮ್ಮನ ಮುಂದೆ ಕೂತೆ. ಶಿವಮೊಗ್ಗದಿಂದ ವಾರಕ್ಕೆರಡು ದಿನ ಬರುವ ಅವರಿಗೆ ನನ್ನ ಮಗಳ ವಯಸ್ಸು. ಕಣ್ಣಿಗೆ ಹಳದಿ ಔಷಧಿ ಹಾಕಿ, ಗದ್ದವನ್ನು ಒಂದು ಪಟ್ಟಿಯ ಮೇಲೆ ಇಡಿಸಿ, ನೀಲಿ ಬೆಳಕಿನ ತುದಿಯೊಂದನ್ನು ಕಣ್ಣಿಗೇ ತಾಗಿಸಿ ಒತ್ತಡ ಅಳೆದರು. ಇಪ್ಪತ್ತೇಳು ಬಂತು. ಇಪ್ಪತ್ತೊಂದರ ಒಳಗಿರಬೇಕಂತೆ.

"ಮೇಡಂ, ಈ ಮಷೀನಿಗೆ ಮುದ್ರೆ ಯಾವಾಗ ಆಗೈತಿ?" ಎಂದು ಕೇಳಿಬಿಟ್ಟೆ.

ಗಿರಿಜಾ ನನ್ನ ತೋಳು ಚಿವುಟಿದಳು. ಡಾಕ್ಟರಮ್ಮ ಮಾತ್ರ ನಕ್ಕು, ನಾನು ಏನು ಕೆಲಸ ಮಾಡುವುದು ಎಂದು ಕೇಳಿದರು. ಹೇಳಿದೆ. ಅವರು ಮೇಜಿನ ಖಾನೆಯಿಂದ ಒಂದು ಸಣ್ಣ ಲೋಹದ ಕಡ್ಡಿ ತೆಗೆದು ಯಂತ್ರದ ಪಕ್ಕಕ್ಕೆ ಸಿಕ್ಕಿಸಿದರು. ಕಡ್ಡಿಯ ಮೇಲೆ ಗೆರೆಗಳಿದ್ದವು. ಒಂದೊಂದು ಗೆರೆಗೆ ಕಡ್ಡಿಯನ್ನು ಸರಿಸಿ, ಗುಂಡಿ ತಿರುಗಿಸಿ, ತುದಿ ಎಲ್ಲಿ ಅಲುಗುತ್ತದೆ ಎಂದು ನನಗೇ ತೋರಿಸಿದರು. ಸರಿಯಾಗಿತ್ತು. ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ನನ್ನಂಥ ತಗಾದೆಯ ಮನುಷ್ಯನಿಗೆ ಅವರು ಕೊಟ್ಟ ಆ ಐದು ನಿಮಿಷವನ್ನು ನಾನು ಮರೆಯುವುದಿಲ್ಲ. ಆ ದವಾಖಾನೆಯಲ್ಲಿ ನಾನು ಪೂರ್ತಿ ನಂಬಿದ್ದು ಆ ಯಂತ್ರ ಒಂದನ್ನೇ.

"ದಿನಾ ರಾತ್ರಿ ಊಟ ಆದ್ಮೇಲೆ ಎರಡೂ ಕಣ್ಣಿಗೆ ಒಂದೊಂದೇ ಹನಿ. ಹೋದ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋದಕ್ಕೆ ಈ ಔಷಧಿ," ಅಂದರು ಡಾಕ್ಟರಮ್ಮ.

"ಎಷ್ಟು ದಿನ ಹಾಕ್ಬೇಕ್ರಿ?"

"ಜೀವನಪೂರ್ತಿ."

ಇಲ್ಲೇ ನನ್ನ ತಲೆ ಕೆಟ್ಟಿತು. ನೋವಿಲ್ಲ, ಉರಿಯಿಲ್ಲ, ಕಾಣುವುದಕ್ಕೆ ತೊಂದರೆಯಿಲ್ಲ. ಹಾಕಿದರೆ ಏನೂ ಸುಧಾರಿಸುವುದಿಲ್ಲ ಎಂದು ಅವರೇ ಹೇಳುತ್ತಾರೆ, ಆದರೂ ಸಾಯುವ ತನಕ ಕೊಳ್ಳುತ್ತಲೇ ಇರಬೇಕು. ನಮ್ಮ ಪೇಟೆಯ ಯಾವ ವ್ಯಾಪಾರಿಗೂ ಇಂಥ ಸರಕು ಸಿಕ್ಕಿಲ್ಲ ಎಂದು ಗಿರಿಜಾಗೆ ಹೇಳಿದೆ. ಔಷಧಿ ಅಂಗಡಿಯವನು ಬಾಟಲಿಯನ್ನು ಫ್ರಿಜ್ಜಿನಿಂದಲೇ ತೆಗೆದು ಕೊಟ್ಟ. ಆದರೆ ಹಿಂದಿನ ದಿನವೆಲ್ಲ ಕರೆಂಟು ಹೋಗಿತ್ತಲ್ಲ, ಆಗ ಅದು ಎಷ್ಟು ಬಿಸಿಯಾಗಿತ್ತೋ ಯಾರು ಕಂಡವರು ಎಂದು ನಾನು ಯೋಚಿಸಿದೆ.

ಆದರೂ ಎರಡು ತಿಂಗಳು ತಪ್ಪದೆ ಹಾಕಿದೆ. ಒತ್ತಡ ಹದಿನಾಲ್ಕಕ್ಕೆ ಇಳಿಯಿತು. ಕಣ್ಣು ಮಾತ್ರ ಬೆಳಗ್ಗೆ ಕೆಂಪಗಿರುತ್ತಿತ್ತು. ಒಂದು ದಿನ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಎದುರಿನ ಕಾಳಿನ ವ್ಯಾಪಾರಿ ಚನ್ನಬಸಪ್ಪ ನಾಲ್ಕು ಜನ ಕೇಳುವಂತೆ ಕೂಗಿದ.

"ಏನೋ ಬಸವಣ್ಯಪ್ಪ, ಬೆಳಬೆಳಗ್ಗೇನೇ ಏರಿಸ್ಬಿಟ್ಟೀಯಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು, ಹುಟ್ಟಿದಾರಭ್ಯ ಹೆಂಡ ಮುಟ್ಟಿದವನಲ್ಲ. ನನ್ನ ಕೆಲಸಕ್ಕೆ ಹೆಸರೇ ಬಂಡವಾಳ. ಕುಡಿಯುವವನ ಕೈಗೆ ಯಾರು ತಕ್ಕಡಿ ಕೊಡುತ್ತಾರೆ? ಕಾಯಿಲೆ ಇದೆ ಎಂದು ಹೇಳುವ ಹಾಗೂ ಇಲ್ಲ. ಕಣ್ಣು ಹೋಗುತ್ತಿರುವವನ ಕೈಗೆ ಇನ್ನೂ ಕೊಡುವುದಿಲ್ಲ. ಅವತ್ತು ರಾತ್ರಿ ಹನಿ ಹಾಕಲಿಲ್ಲ. ಮಾರನೇ ದಿನ ಕಣ್ಣು ಬೆಳ್ಳಗಿತ್ತು.

ಒಂದು ವಾರ ಬಿಟ್ಟೆ. ಏನೂ ಆಗಲಿಲ್ಲ. ತಿಂಗಳು ಬಿಟ್ಟೆ. ಆಗಲೂ ಮೊದಲಿನಂತೆಯೇ ಕಾಣುತ್ತಿತ್ತು. ಡಾಕ್ಟರಮ್ಮ ಬರಹೇಳಿದ ದಿನ ಹತ್ತಿರ ಬಂದಾಗ ಹೆದರಿಕೆಯಾಯಿತು. ಐದು ದಿನ ಮುಂಚಿನಿಂದ ನಿಷ್ಠೆಯಿಂದ ಹನಿ ಹಾಕಿಕೊಂಡು ಹೋದೆ. ಯಂತ್ರ ಹದಿನೈದು ತೋರಿಸಿತು.

"ತುಂಬಾ ಚೆನ್ನಾಗಿ ಕಂಟ್ರೋಲ್ ಆಗಿದೆ. ಹೀಗೇ ಹಾಕ್ತಾ ಇರಿ," ಅಂದರು.

ಹೀಗೇ ಹಾಕುತ್ತಾ ಹೋದೆ, ಮೂರು ತಿಂಗಳಿಗೆ ಐದು ದಿನ. ಮುದ್ರೆ ಬಿದ್ದ ಮೇಲೆ ಮುಂದಿನ ಮುದ್ರೆಯವರೆಗೆ ತಕ್ಕಡಿ ಸರಿ ಎಂದೇ ಲೆಕ್ಕ. ಯಾರ ತಟ್ಟೆಯ ಅಡಿಗೆ ಕೈ ಹಾಕಿ ನೋಡುತ್ತಾ ಮೂವತ್ತು ವರ್ಷ ಕಳೆದೆನೋ ಅವರೆಲ್ಲ ಮಾಡಿದ್ದನ್ನೇ ನಾನು ಮಾಡುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕಿಟ್ಟಿದ್ದೆ. ಈ ಔಷಧಿಯೇ ಬೇಕಾಗಿಲ್ಲ, ಇದೆಲ್ಲ ಕಂಪನಿಯವರ ಆಟ, ಐದು ದಿನಕ್ಕೇ ಇಳಿಯುವಂಥದ್ದು ಯಾವ ಸೀಮೆ ಕಾಯಿಲೆ ಎಂದು ನನಗೆ ನಾನೇ ವಾದ ಮಾಡಿಕೊಂಡಿದ್ದೆ.

ಮೂರು ವರ್ಷ ಹೀಗೆ ನಡೆಯಿತು. ಆ ದಿನಗಳಲ್ಲಿ ಮನೆಯಲ್ಲಿ ಆದ ಸಣ್ಣಪುಟ್ಟ ಸಂಗತಿಗಳನ್ನು ಈಗ ಜೋಡಿಸಿ ನೋಡುತ್ತೇನೆ. ಬಲಗಡೆ ಇಟ್ಟ ಚಹಾ ಲೋಟವನ್ನು ಕೈ ತಾಗಿಸಿ ಚೆಲ್ಲುವುದು. ನೆಲದ ಮೇಲೆ ಇಟ್ಟ ತೂಕದ ಬಟ್ಟನ್ನು ಎಡವುವುದು. ಎದುರಿಗೆ ಬಂದ ಸೈಕಲ್ಲು ಇದ್ದಕ್ಕಿದ್ದಂತೆ ಹುಟ್ಟಿಕೊಂಡಂತೆ ಮೈಮೇಲೆ ಬರುವುದು. ಈ ಕಾಯಿಲೆಯಲ್ಲಿ ಕತ್ತಲೆ ಕಾಣುವುದಿಲ್ಲ. ಇಲ್ಲದ ಜಾಗ ಇದೆ ಎಂದೇ ಗೊತ್ತಾಗುವುದಿಲ್ಲ. ಲೋಟ ಚೆಲ್ಲಿದಾಗಲೆಲ್ಲ ಅಲ್ಲಿ ಯಾಕಿಟ್ಟೆ ಎಂದು ಗಿರಿಜಾ ಮೇಲೆ ರೇಗುತ್ತಿದ್ದೆ. ಬೇಕೆಂತಲೇ ಇಡುತ್ತಾಳೇನೋ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೇನೋ ಎಂದು ಕೂಡ ಒಂದೆರಡು ಸಲ ಅನ್ನಿಸಿತ್ತು.

ಒಂದು ಸಲ ಡಾಕ್ಟರಮ್ಮ ಕಣ್ಣಿನ ನರದ ಚಿತ್ರ ತೆಗೆದು, ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಬಲಗಣ್ಣಿನ ನರ ತೆಳ್ಳಗಾಗುತ್ತಲೇ ಇತ್ತು, ಎಡಗಣ್ಣಿನಲ್ಲೂ ಶುರುವಾಗಿತ್ತು. ಅವರ ಮುಖದಲ್ಲಿ ಮೊದಲ ಬಾರಿಗೆ ಗೊಂದಲ ಕಂಡೆ.

"ನೀವು ಪ್ರತಿ ಸಲ ಬಂದಾಗ್ಲೂ ಒತ್ತಡ ಹದಿಮೂರು, ಹದಿನಾಲ್ಕು. ಇಷ್ಟು ಚೆನ್ನಾಗಿದ್ರೂ ನರ ಯಾಕೆ ಹೋಗ್ತಿದೆ ಅಂತ ನನಗೇ ಅರ್ಥ ಆಗ್ತಿಲ್ಲ. ಔಷಧಿ ದಿನಾ ಹಾಕ್ತಿದೀರಲ್ಲ?"

"ಹಾಕ್ತೀನ್ರಿ ಮೇಡಂ."

ಪಕ್ಕದಲ್ಲಿ ಕೂತಿದ್ದ ಗಿರಿಜಾ ತನ್ನ ಚೀಲದ ಹಿಡಿಕೆಯನ್ನು ಸರಿಮಾಡಿಕೊಂಡಳು.

"ಹಾಗಾದ್ರೆ ರಕ್ತದ ಕಡೆ ನೋಡ್ಬೇಕು. ಕೆಲವರಿಗೆ ಒತ್ತಡ ಸರಿ ಇದ್ರೂ ನರಕ್ಕೆ ರಕ್ತ ಸಾಕಷ್ಟು ಮುಟ್ಟಲ್ಲ. ಕಾಲುವೇಲಿ ನೀರಿದ್ರೂ ಕೊನೇ ಗದ್ದೆಗೆ ಮುಟ್ಟಲ್ವಲ್ಲ, ಹಾಗೆ. ಕಣ್ಣಿನ ರಕ್ತನಾಳಗಳಲ್ಲಿ ರಕ್ತ ಎಷ್ಟು ವೇಗವಾಗಿ ಹರೀತಿದೆ ಅಂತ ಅಳೆಯೋ ಪರೀಕ್ಷೆ ಇದೆ. ಎಲ್ಲರಿಗೂ ಮಾಡಿಸಲ್ಲ. ಅದೊಂದನ್ನೇ ನಂಬಿ ತೀರ್ಮಾನಾನೂ ಮಾಡಲ್ಲ. ನಿಮ್ಮ ವಿಷಯದಲ್ಲಿ ಒಂದು ಸುಳಿವು ಸಿಗಬಹುದೇನೋ ಅಂತ."

ಬೇರೆ ದಿನವಾಗಿದ್ದರೆ ಸ್ಕ್ಯಾನಿಂಗ್‌ನವರಿಗೂ ಇವರಿಗೂ ಏನು ಒಪ್ಪಂದ ಎಂದು ಯೋಚಿಸುತ್ತಿದ್ದೆ. ಅವತ್ತು ಯೋಚಿಸಲಿಲ್ಲ. ನನಗೆ ಒಬ್ಬ ಕಳ್ಳ ಸಿಕ್ಕಿದ್ದ. ನರ ಹಾಳಾಗುತ್ತಿರುವುದು ನನ್ನಿಂದಲ್ಲ, ನನ್ನ ರಕ್ತದಿಂದ. ರಕ್ತ ಸರಿಯಾಗಿ ಹರಿಯದಿದ್ದರೆ ನಾನೇನು ಮಾಡಲಿ? ದಾರಿಯುದ್ದಕ್ಕೂ ಗಿರಿಜಾಗೆ ಅದನ್ನೇ ವಿವರಿಸಿದೆ. ಅಪ್ಪನಿಗೂ ಕೊನೆಗಾಲದಲ್ಲಿ ಕಾಲು ತಣ್ಣಗಿರುತ್ತಿತ್ತು, ಇದು ವಂಶದ್ದೇ ಇರಬೇಕು ಅಂದೆ. ಅವಳು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ "ಹೂಂ" ಅಂದಳು.

ಮೊದಲು ಒಂದು ಹಗಲು ಒಂದು ರಾತ್ರಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು. ನಾನು ನುಂಗುವ ಬಿಪಿ ಮಾತ್ರೆಯಿಂದಾಗಿ ನಿದ್ದೆಯಲ್ಲಿ ಅದು ತೀರಾ ಇಳಿದರೆ ಕಣ್ಣಿಗೆ ಹೋಗುವ ರಕ್ತ ಕಡಿಮೆಯಾಗುತ್ತದಂತೆ. ಪಟ್ಟಿ ಅರ್ಧರ್ಧ ಗಂಟೆಗೆ ತಾನಾಗಿ ಉಬ್ಬಿ ತೋಳು ಹಿಂಡುತ್ತಿತ್ತು. ಅದರಲ್ಲಿ ಏನೂ ಸಿಗಲಿಲ್ಲ. ಆಮೇಲೆ ಶಿವಮೊಗ್ಗದ ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು.

ಅಲ್ಲಿ ಕಾಯುವ ಜಾಗದಲ್ಲಿ ಮುಕ್ಕಾಲು ಪಾಲು ಬಸುರಿಯರು. ಅವರ ನಡುವೆ ನಾನೊಬ್ಬ ಬಿಳಿ ಮೀಸೆಯವನು ಕೂತಿದ್ದೆ. ಒಬ್ಬ ಹೆಣ್ಣುಮಗಳು ಗಿರಿಜಾಳನ್ನು "ನಿಮ್ಮ ಮಗಳು ಒಳಗಿದಾರಾ?" ಎಂದು ಕೇಳಿದಳು. ಗಿರಿಜಾ "ಇಲ್ಲಮ್ಮ, ಇವ್ರಿಗೇ" ಅಂದಾಗ ಆಕೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ ತಲೆ ತಗ್ಗಿಸಿ ನಕ್ಕಳು. ಗಿರಿಜಾ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಒಳಗೆ ಮಂಚದ ಮೇಲೆ ಮಲಗಿಸಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿದರು. ಅದರ ಮೇಲೆ ಒಂದು ಸಾಧನವನ್ನು ಹಗುರವಾಗಿ ಇಟ್ಟರು, ಒತ್ತಲಿಲ್ಲ. "ಕಣ್ಣು ಅಲುಗಿಸ್ಬೇಡಿ, ಮಾತಾಡ್ಬೇಡಿ" ಎಂದರು ಅಲ್ಲಿನ ಡಾಕ್ಟರು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಒಂದು ಸದ್ದು ಕೇಳಿಸಿತು. ಸುಯ್, ಸುಯ್, ಸುಯ್. ನಿಲ್ಲದೆ, ಒಂದೇ ಸಮನೆ.

"ಏನ್ರಿ ಅದು ಸದ್ದು?" ಗಿರಿಜಾ ಕೇಳಿದಳು.

"ಇವರ ಕಣ್ಣಿನ ಹಿಂದೆ ರಕ್ತ ಹೋಗ್ತಿರೋದಮ್ಮ," ಅಂದರು ಡಾಕ್ಟರು.

ನಾನು ಕತ್ತಲಲ್ಲಿ ಮಲಗಿ ಅದನ್ನು ಕೇಳಿದೆ. ಆಗ ನಾನು ದೇವರಲ್ಲಿ ಬೇಡಿಕೊಂಡದ್ದನ್ನು ಇವತ್ತು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಕಾಯಿಲೆಯವರು ಪರೀಕ್ಷೆ ಸರಿ ಬರಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ರಕ್ತ ಕಡಿಮೆ ಹರಿಯುತ್ತಿರಲಿ, ನಾಳ ಕಟ್ಟಿಕೊಂಡಿರಲಿ, ಏನಾದರೊಂದು ಕೆಟ್ಟದ್ದು ಸಿಗಲಿ ಎಂದು ಬೇಡಿಕೊಂಡೆ. ಸದ್ದು ಮಾತ್ರ ನಿಲ್ಲಲಿಲ್ಲ. ಮೂರು ವರ್ಷದಿಂದ, ಅದಕ್ಕೂ ಮುಂಚಿನಿಂದ, ನನ್ನ ಹಂಗಿಲ್ಲದೆ ಅದು ತನ್ನ ಕೆಲಸ ತಾನು ಮಾಡಿಕೊಂಡು ಬಂದಿತ್ತು.

ವರದಿಯನ್ನು ಡಾಕ್ಟರಮ್ಮ ಎರಡು ಸಲ ಓದಿದರು. "ನಿಮ್ಮ ವಯಸ್ಸಿಗೆ ರಕ್ತದ ಹರಿವು ಸರಿಯಾಗೇ ಇದೆ," ಅಂದರು. ನನ್ನ ಮುಖ ಇಳಿದದ್ದನ್ನು ಅವರು ಹೆದರಿಕೆ ಎಂದುಕೊಂಡರೋ ಏನೋ, ಸಮಾಧಾನ ಹೇಳಿದರು. ಆಮೇಲೆ ನನ್ನ ಫೈಲಿನ ಹಳೆಯ ಪುಟಗಳನ್ನು ಮತ್ತೆ ತಿರುವಿದರು.

"ಒಂದು ಕೆಲಸ ಮಾಡೋಣ. ನಾನು ನೋಡದೇ ಇರೋ ಹೊತ್ತಲ್ಲಿ ಒತ್ತಡ ಏರ್ತಿರಬಹುದು. ಈ ಸಲ ಬರೋ ದಿನ ಹೇಳಲ್ಲ. ಒಂದು ದಿನ ಬೆಳಗ್ಗೆ ಫೋನ್ ಮಾಡಿಸ್ತೀನಿ. ಫೋನ್ ಬಂದ ದಿನ ಮಧ್ಯಾಹ್ನದ ಒಳಗೆ ಬಂದ್ಬಿಡಿ."

ಹೇಳದೆ ಕೇಳದೆ ಬರುವ ತಪಾಸಣೆ ಎಂದರೆ ಏನು ಎಂದು ಆ ದವಾಖಾನೆಯಲ್ಲಿ ನನ್ನಷ್ಟು ಬಲ್ಲವರು ಬೇರೆ ಯಾರಿದ್ದರು? ಇವರಿಗೆ ಅನುಮಾನ ಬಂದಿದೆ, ಬಲೆ ಬೀಸಿದ್ದಾರೆ ಎಂದುಕೊಂಡೆ. ಹನ್ನೆರಡು ದಿನ ತಪ್ಪದೆ ಹನಿ ಹಾಕಿದೆ. ಫೋನ್ ಬರಲಿಲ್ಲ. ಹದಿಮೂರನೇ ದಿನ ಪೇಟೆಯಲ್ಲಿ ಸಂತೆ, ಮಾರನೇ ದಿನ ಆನವಟ್ಟಿಯಲ್ಲಿ ಕೆಲಸ, ಕಣ್ಣು ಕೆಂಪಗಿರುವುದು ಬೇಡ ಅನ್ನಿಸಿತು. ಒಂದು ದಿನ ಬಿಟ್ಟದ್ದು ಹತ್ತು ದಿನವಾಯಿತು. ಅದರ ಮೇಲೆ ಇನ್ನೂ ಕೆಲವು ದಿನ ಕಳೆದವು. ಒಂದು ಬೆಳಗ್ಗೆ ತಕ್ಕಡಿಯೊಂದನ್ನು ಬಿಚ್ಚಿ ಕೂತಿದ್ದಾಗ ಫೋನ್ ಬಂತು.

ಮನೆಗೆ ಓಡಿ ಬಾಟಲಿ ಜೇಬಿಗೆ ಹಾಕಿಕೊಂಡೆ. ಗಿರಿಜಾ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು. ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒರಗಿ, ಅವಳು ನೋಡುತ್ತಿದ್ದ ಹಾಗೆಯೇ, ತಲೆಯೆತ್ತಿ ಎರಡೂ ಕಣ್ಣಿಗೆ ಎರಡೆರಡು ಹನಿ ಸುರಿದುಕೊಂಡೆ. ನನ್ನ ಕೆನ್ನೆಯ ಮೇಲೆ ಹರಿದದ್ದನ್ನು ಅವಳು ಸೆರಗಿನಿಂದ ಒರೆಸಿದಳು.

ಆಗ ತಾನೇ ಸುರಿದುಕೊಂಡ ಹನಿ ಅಷ್ಟು ಬೇಗ ಹತ್ತಲಿಲ್ಲ. ಬಲಗಣ್ಣಿಗೆ ಮೂವತ್ತೊಂದು ಬಂತು, ಎಡಗಣ್ಣಿಗೆ ಇಪ್ಪತ್ತೆಂಟು. ಡಾಕ್ಟರಮ್ಮ ಮತ್ತೆ ಅಳೆದರು. ಅದೇ ಬಂತು. ಯಂತ್ರದ ಮೇಲೆ ತಪ್ಪು ಹೊರಿಸುವ ದಾರಿ ನನಗಿರಲಿಲ್ಲ, ಅದನ್ನು ನಾನೇ ಪರೀಕ್ಷೆ ಮಾಡಿ ಒಪ್ಪಿಕೊಂಡಿದ್ದೆ. ಈಗ ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಅವರು ಬಲೆಯನ್ನೇ ಬೀಸಿರಲಿಲ್ಲ ಎಂದು ಆಗ ಗೊತ್ತಾಯಿತು. ಅವರು ಅನುಮಾನಪಟ್ಟಿದ್ದು ನನ್ನನ್ನಲ್ಲ, ಔಷಧಿಯನ್ನು.

"ಔಷಧಿ ಕೈಕೊಟ್ಟಿದೆ ಬಸವಣ್ಯಪ್ಪನವರೇ," ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ನೀವು ಇಷ್ಟು ಸರಿಯಾಗಿ ಹಾಕಿದ್ರೂ ಹೀಗಾಯ್ತು. ಇನ್ನು ಆಪರೇಷನ್ ಮಾಡ್ಬೇಕು. ಮೊದಲು ಬಲಗಣ್ಣಿಗೆ. ಉಳಿದಿರೋ ದೃಷ್ಟಿಗೂ ಅಪರೂಪಕ್ಕೆ ತೊಂದ್ರೆ ಆಗೋದುಂಟು, ಅದನ್ನ ಮೊದಲೇ ಹೇಳ್ಬೇಕು. ಹೊರಗೆ ಕೂತು ಇಬ್ರೂ ಮಾತಾಡಿ ಬನ್ನಿ."

ಬೆಂಚಿನ ಮೇಲೆ ಬಂದು ಕೂತೆವು. ಎದುರು ಗೋಡೆಯ ಮೇಲೆ ಕಣ್ಣಿನ ದೊಡ್ಡ ಚಿತ್ರ ಇತ್ತು. ಆಪರೇಷನ್ ಮಾಡಿಸಿಕೊಂಡರಾಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಸುಳ್ಳು ಒಪ್ಪಿಕೊಳ್ಳುವುದಕ್ಕಿಂತ ಕಣ್ಣು ಕೊಯ್ಸಿಕೊಳ್ಳುವುದೇ ಸುಲಭ ಅನ್ನಿಸಿತ್ತು. ಅಷ್ಟು ದೂರ ಹೋಗಿದ್ದೆ ನಾನು.

"ನೀವು ಹೇಳ್ತೀರೋ, ನಾನು ಹೇಳ್ಲೋ?" ಅಂದಳು ಗಿರಿಜಾ.

"ಏನು?"

"ತಿಂಗ್ಳಿಗೊಂದು ಮುಗೀಬೇಕಾದ ಬಾಟ್ಲಿ ನಮ್ಮನೇಲಿ ವರ್ಷದ ಮೇಲೂ ಬರ್ತೈತಿ. ಮೊದ್ಲು ಎರಡು ತಿಂಗ್ಳು ಆ ಔಷಧಿಗೆ ನಿಮ್ಮ ರೆಪ್ಪೆಗೂದ್ಲು ಉದ್ದಕ್ಕೆ ಬೆಳೆದಿದ್ವು. ಆಮೇಲೆ ಮತ್ತೆ ಗಿಡ್ಡ ಆಗ್ಯಾವೆ. ದಿನಾ ನಿಮ್ಮ ಮಕ ನೋಡೋಳು ನಾನು, ನಂಗೆ ಗೊತ್ತಾಗಲ್ವಾ?"

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಳಿದ್ರೆ ನನ್ನನ್ನೂ ಅನುಮಾನಿಸ್ತಿದ್ರಿ. ನಿಮ್ಮ ಅನುಮಾನದ ಜೊತೆ ಸಂಸಾರ ಮಾಡಿ ಸಾಕಾಗೈತ್ರಿ ನಂಗೆ." ಅವಳ ಕಣ್ಣು ತುಂಬಿತ್ತು. "ಆದ್ರೆ ಕಣ್ಣು ಕೊಯ್ಯಾಕೆ ಬಿಡಲ್ಲ."

ನಾನು ಎದ್ದು ಒಳಗೆ ಹೋದೆ. ನಿಂತುಕೊಂಡೇ ಹೇಳಿದೆ. ಐದು ದಿನದ ಲೆಕ್ಕ, ಬಸ್ ನಿಲ್ದಾಣದ ಗೋಡೆ, ಚನ್ನಬಸಪ್ಪನ ಮಾತು, ಯಾವುದನ್ನೂ ಬಿಡಲಿಲ್ಲ. ಔಷಧಿ ಮೇಲೆ ನಂಬಿಕೆ ಇರಲಿಲ್ಲ ಎಂದು ಶುರುಮಾಡಿದವನು, ಹೆದರಿಕೆ ಇತ್ತು ಮೇಡಂ ಎಂದು ಮುಗಿಸಿದೆ. ದಿನಾ ರಾತ್ರಿ ಆ ಬಾಟಲಿ ಕೈಗೆ ತೆಗೆದುಕೊಂಡರೆ ಕುರುಡನಾಗುತ್ತಿದ್ದೇನೆ ಎಂದು ದಿನಾ ರಾತ್ರಿ ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಡಾಕ್ಟರಮ್ಮ ನನ್ನ ಫೈಲು ತೆರೆದರು. ಕೆಂಪು ಪೆನ್ನು ತೆಗೆದುಕೊಂಡು, ಮೂರು ವರ್ಷದ ಹದಿಮೂರು, ಹದಿನಾಲ್ಕು, ಹದಿನೈದುಗಳ ಮೇಲೆ ಒಂದೊಂದಾಗಿ ಗೆರೆ ಎಳೆದರು. ಪುಟ ತಿರುವಿದರು, ಮತ್ತೆ ಎಳೆದರು. ಆ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ, ಅದೇ ಸರಿಯಾದ ಯಂತ್ರ ತೋರಿಸಿದ್ದು. ಅವು ಯಾವ ಕೆಲಸಕ್ಕೂ ಬಾರದಂತೆ ಮಾಡಿದವನು ನಾನು. ಅಷ್ಟು ಹೊತ್ತೂ ಅವರು ತಲೆ ಎತ್ತಲಿಲ್ಲ.

"ನಾನು ನಿಮ್ಮ ರಕ್ತನಾಳಾನ ಅನುಮಾನಿಸಿದೆ. ಕಂಪನಿ ಔಷಧೀನ ಅನುಮಾನಿಸಿದೆ. ನಾನು ಕಲಿತಿದ್ರಲ್ಲೇ ಏನೋ ತಪ್ಪಿದೆ ಅಂತ ನಿದ್ದೆಗೆಟ್ಟೆ," ಅಂದರು. "ನಿಮ್ಮನ್ನ ಮಾತ್ರ ಅನುಮಾನಿಸ್ಲಿಲ್ಲ. ಮೊದಲ ದಿನಾನೇ ಮಷೀನ್ ಸರಿ ಇದೆಯಾ ಅಂತ ಕೇಳಿದೋರು ನೀವೊಬ್ರೇ. ಇಷ್ಟು ಹುಷಾರಿರೋರು ಔಷಧಿ ತಪ್ಪಿಸ್ತಾರಾ ಅಂದ್ಕೊಂಡೆ."

ಇದಕ್ಕಿಂತ ಅವರು ಕಪಾಳಕ್ಕೆ ಹೊಡೆದಿದ್ದರೆ ಒಳ್ಳೆಯದಿತ್ತು. ನಾನು ಕೈಮುಗಿದೆ. ಅವರು ಆಪರೇಷನ್ನಿನ ಚೀಟಿ ಹರಿದು, ಆರು ವಾರದ ಗಡುವು ಕೊಟ್ಟರು. ಗಿರಿಜಾಳನ್ನು ಒಳಗೆ ಕರೆದು ಹನಿ ಹಾಕುವ ಕ್ರಮ ಕಲಿಸಿದರು. ಕೆಳರೆಪ್ಪೆ ಎಳೆದು ಒಂದೇ ಹನಿ, ಆಮೇಲೆ ಮೂಗಿನ ಪಕ್ಕದ ಮೂಲೆ ಎರಡು ನಿಮಿಷ ಒತ್ತಿ ಹಿಡಿಯಬೇಕು.

ಅವತ್ತಿನಿಂದ ಗಿರಿಜಾಳೇ ಹಾಕುತ್ತಾಳೆ. ಊಟದ ತಟ್ಟೆ ಎತ್ತಿಟ್ಟು ಕೈ ಒರೆಸಿಕೊಂಡು ಬರುತ್ತಾಳೆ, ನಾನು ತಲೆ ಹಿಂದಕ್ಕೆ ಮಾಡಿ ಕೂರುತ್ತೇನೆ. ಕಣ್ಣಿನ ಮೂಲೆ ಒತ್ತಿ ಹಿಡಿದಿರುವ ಆ ಎರಡು ನಿಮಿಷ ಅವಳು ಬೀದಿಯ ಸುದ್ದಿಯೆಲ್ಲ ಹೇಳುತ್ತಾಳೆ. ಮೂವತ್ತು ವರ್ಷದಲ್ಲಿ ನಾವು ಇಷ್ಟು ಹತ್ತಿರ ಕೂತು ಮಾತಾಡಿದ್ದು ಕಡಿಮೆ. ಚನ್ನಬಸಪ್ಪನಿಗೆ ನಾನೇ ಹೋಗಿ ಕಾಯಿಲೆಯ ವಿಷಯ ಹೇಳಿದೆ. "ನಮ್ಮ ಕಾಕಗೂ ಇದೇ ಆಗಿತ್ತೇನೋ, ನಾವು ಪೊರೆ ಅಂದ್ಕೊಂಡಿದ್ವಿ," ಅಂದ. ಆ ವಾರವೇ ಶಿಕಾರಿಪುರಕ್ಕೆ ಹೋಗಿ ತೋರಿಸಿಕೊಂಡು ಬಂದ. ನನ್ನ ಅಂಗಡಿಗೆ ಬರುವ ತಕ್ಕಡಿಗಳಂತೂ ನಾನು ಹೆದರಿದಷ್ಟು ಕಡಿಮೆಯಾಗಲಿಲ್ಲ.

ಆರು ವಾರದ ಮೇಲೆ ಒತ್ತಡ ಹದಿನಾಲ್ಕಿತ್ತು. ಆಪರೇಷನ್ ಸದ್ಯಕ್ಕೆ ಬೇಡ ಅಂದರು ಡಾಕ್ಟರಮ್ಮ. ಆದರೆ ಈ ಮೂರು ವರ್ಷದಲ್ಲಿ ಎಷ್ಟು ಹೋಗಿದೆ ಎಂದು ಸರಿಯಾಗಿ ತಿಳಿಯಬೇಕಿತ್ತು. ಅದಕ್ಕೆ ಒಂದು ಕತ್ತಲೆ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಒಂದು ಕಣ್ಣು ಮುಚ್ಚಿ, ಬಿಳಿ ಬಟ್ಟಲಿನಂಥ ಯಂತ್ರದೊಳಗೆ ನೇರವಾಗಿ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕಿನ ಚುಕ್ಕೆ ಮಿಂಚುತ್ತದೆ, ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಹಿಂದೆಯೂ ಈ ಪರೀಕ್ಷೆ ನನಗೆ ಆಗಿತ್ತು. ಆಗ ಯಂತ್ರದ ಟಿಕ್ ಸದ್ದಿನ ಲಯ ಹಿಡಿದು, ಚುಕ್ಕೆ ಕಾಣಲಿ ಬಿಡಲಿ, ಅಂದಾಜಿನ ಮೇಲೆ ಒತ್ತಿಬಿಡುತ್ತಿದ್ದೆ.

ಈ ಸಲ ಎಡಗಣ್ಣು ಮುಗಿದು ಬಲಗಣ್ಣಿನ ಸರದಿ ಬಂತು. ಮೊದಲು ಕೆಲವು ಚುಕ್ಕೆ ಕಂಡವು, ಒತ್ತಿದೆ. ಆಮೇಲೆ ಟಿಕ್ ಸದ್ದು ಮಾತ್ರ ಬರತೊಡಗಿತು. ಪ್ರತಿ ಸದ್ದಿಗೂ ಎಲ್ಲೋ ಒಂದು ಬೆಳಕು ಹತ್ತಿ ಆರುತ್ತಿದೆ ಎಂದು ನನಗೆ ಗೊತ್ತು. ಬೆರಳು ಗುಂಡಿಯ ಮೇಲೇ ಇತ್ತು. ಟಿಕ್, ಟಿಕ್. ಒತ್ತಲಿಲ್ಲ. ಕೆಳಗಿನ ಅರ್ಧ ಭಾಗದಲ್ಲಿ ನನಗೆ ಏನೆಂದರೆ ಏನೂ ಇರಲಿಲ್ಲ.

ಪರೀಕ್ಷೆ ಮಾಡುತ್ತಿದ್ದ ಹುಡುಗಿ ಪರದೆಯ ಆಚೆಯಿಂದ ಕೇಳಿದಳು, "ಯಜಮಾನ್ರೇ, ನಿದ್ದೆ ಬಂತಾ? ಗುಂಡಿ ಒತ್ತಿ."

"ಎಚ್ಚರ ಇದೀನಮ್ಮ," ಅಂದೆ. "ಕಾಣ್ತಿಲ್ಲ."

ಯಂತ್ರ ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಪರೀಕ್ಷೆ ಮುಗಿಯುವವರೆಗೆ ನಾನು ಗದ್ದ ಅಲುಗಿಸದೆ ಅದರ ಮುಂದೆ ಕೂತಿದ್ದೆ.